ಮುಳಾ–ಮುಠಾದ ಮೀನು, ಕಾವೇರಿಯ ಸಂಕಟ

ದೌಂಡ ಅಂದರೆ ನಮ್ಮವರಿಗೆ ಮುಂಬೈ ರೈಲು ನಿಲ್ಲುವ ಒಂದು ಜಂಕ್ಷನ್, ಅಷ್ಟೇ. ಇಲ್ಲಿ ನೆಲೆಸಿರುವ ನನಗೆ ಇದು ಭೀಮಾ ದಂಡೆಯ ಊರು. ಪುಣೆಯ ಕೊಳೆಯನ್ನೆಲ್ಲ ಹೊತ್ತು ಬರುವ ಮುಳಾ–ಮುಠಾ ಭೀಮೆಯನ್ನು ಕೂಡುವುದು ಈ ತಾಲ್ಲೂಕಿನ ಅಂಚಿನಲ್ಲೇ. ಮುಂದೆ ಅದೇ ನೀರು ಉಜನಿ ಅಣೆಕಟ್ಟು ದಾಟಿ ವಿಜಯಪುರ, ಕಲಬುರಗಿಯತ್ತ ಹರಿಯುತ್ತದೆ.

ಈ ಮುಳಾ–ಮುಠಾದ ಮೀನೊಂದನ್ನು 1839ರಲ್ಲಿ ಕರ್ನಲ್ ಸೈಕ್ಸ್ ವಿಜ್ಞಾನಕ್ಕೆ ಪರಿಚಯಿಸಿದ. ಅದೇ ದಖ್ಖನಿ ಮಹಶೀರ್, 'ಟಾರ್ ಖುದ್ರಿ'. ಮಳೆಗಾಲದಲ್ಲಿ ಹೊಳೆ ಏರಿದಾಗ ಪ್ರವಾಹಕ್ಕೆ ಎದುರಾಗಿ ಈಜಿ, ಜಲ್ಲಿಕಲ್ಲಿನ ತಳದಲ್ಲಿ ಮೊಟ್ಟೆ ಇಡುವ ಮೀನು. ಅಣೆಕಟ್ಟು ಅಡ್ಡ ಬಂದರೆ ಆ ದಾರಿ ಮುಗಿಯಿತು. ಹಾಗಾಗಿ 1970ರ ದಶಕದಿಂದ ಲೋಣಾವಳದ ಟಾಟಾ ಕೇಂದ್ರದಲ್ಲಿ ಇದರ ಮರಿಗಳನ್ನು ಬೆಳೆಸತೊಡಗಿದರು. ಉದ್ದೇಶ ಒಳ್ಳೆಯದೇ. ಆದರೆ ಮರಿಗಳು ಬೇರೆ ರಾಜ್ಯಗಳಿಗೂ ಹೋದವು, ನಮ್ಮ ಕಾವೇರಿಗೂ ಇಳಿದವು.

ಕಾವೇರಿಯಲ್ಲಿ ಆಗಲೇ ಬೇರೊಂದು ಮಹಶೀರ್ ಇತ್ತು. ಬೆನ್ನು ಗೂನು, ರೆಕ್ಕೆ ಕಿತ್ತಳೆ, ತೂಕ 50 ಕಿಲೋ ಮೀರುವಂಥದ್ದು. ಬ್ರಿಟಿಷರ ಕಾಲದಿಂದ ಗಾಳಗಾರರಿಗೆ ಇದರ ಹುಚ್ಚು. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಅವರು ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ತೆಗೆದು ನೋಡಿದರೆ, ನೀಲಿ ರೆಕ್ಕೆಯ ಹೊಸ ಮೀನು ಏರುತ್ತಲೇ ಹೋಗಿದೆ, ಗೂನುಬೆನ್ನಿನದು ಕುಸಿಯುತ್ತಲೇ ಹೋಗಿದೆ. ಇಷ್ಟು ಹೆಸರುವಾಸಿ ಮೀನು 'ಟಾರ್ ರೆಮಾದೇವಿ' ಎಂಬ ಪ್ರಭೇದ ಎಂದು ಖಚಿತವಾದದ್ದು 2018ರಲ್ಲಿ. ಆ ವರ್ಷವೇ ಐಯುಸಿಎನ್ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಇಲ್ಲವಾಗುತ್ತಿತ್ತು!

ಎಲ್ಲ ತಪ್ಪನ್ನೂ ಪುಣೆ ಕಡೆಯ ಮೀನಿನ ತಲೆಗೆ ಕಟ್ಟುವುದು ಸರಿಯಲ್ಲ (ವಲಸಿಗನಾದ ನನಗಂತೂ ಅದು ಒಪ್ಪದ ಮಾತು). ಅಣೆಕಟ್ಟು, ಮರಳುಗಾರಿಕೆ, ಡೈನಮೈಟ್ ಮೀನುಗಾರಿಕೆ ಇವೆಲ್ಲ ಕೂಡಿಯೇ ಹೊಡೆದಿವೆ. ಆದರೆ 'ಇಷ್ಟು ಲಕ್ಷ ಮರಿ ಬಿಟ್ಟೆವು' ಎಂಬ ವರದಿ ನನಗೆ ಕೋಡಿನ ಸಾಲು ಎಣಿಸಿ ಸಾಫ್ಟ್‌ವೇರ್ ಅಳೆದಂತೆ ಕಾಣುತ್ತದೆ. ಸಿಹಿನೀರಲ್ಲೇ ಬಾಳುವ ಪುಟ್ಟ ಸ್ಟರ್ಲೆಟ್ ಮರಿಗಳನ್ನು ಯುರೋಪಿನವರು ಡ್ಯಾನ್ಯೂಬ್ ನದಿಗೆ ಬಿಡುತ್ತಲೇ ಬಂದಿದ್ದಾರೆ. ಆದರೂ 2022ರ ಪಟ್ಟಿಯಲ್ಲಿ ಸ್ಟರ್ಜನ್ ಕುಲದ 26 ಪ್ರಭೇದಗಳೂ ಅಪಾಯದಲ್ಲಿವೆ.

ಮರಿ ಬಿಡುವ ಮುನ್ನ ತಾಯಿಮೀನು ಯಾವ ನದಿಯದು ಎಂದು ದಾಖಲಿಸಿ, ಪ್ರಕಟಿಸಬೇಕು. ಕಾವೇರಿ ಕಣಿವೆಗೆ ಖುದ್ರಿ ಮರಿ ಬಿಡುವುದು ನಿಲ್ಲಬೇಕು. ಗೂನುಬೆನ್ನಿನ ಮೀನು ಇನ್ನೂ ಉಳಿದಿರುವ ಮೋಯಾರ್‌ನಂಥ ಹೊಳೆಗಳಲ್ಲಿ ಮೊದಲು ಹರಿವು ಉಳಿಯಬೇಕು.