ಹಿಟ್ಟಿನ ಗಿರಣಿಯವನ ಗಣಿತ

ಡಿಗ್ರಿ ಓದುತ್ತಿರುವ ಕನ್ನಡದ ತಮ್ಮಂದಿರೇ, ತಂಗಿಯರೇ,

ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಎಂಬ ಹೆಸರು ಕೇಳಿದರೆ ಸಾಕು, ನಿಮ್ಮಲ್ಲಿ ಎಷ್ಟೋ ಜನ ಕೈಚೆಲ್ಲಿ ಕೂರುತ್ತೀರಿ. ಕನ್ನಡ ಮೀಡಿಯಂನವರ ತಲೆಗೆ ಇದು ಹತ್ತುವುದಿಲ್ಲ ಎಂದು ಯಾರೋ ಅಂದರೆ ಅದನ್ನೂ ನಂಬುತ್ತೀರಿ. ಯಾಕ್ರೀ ನಂಬಬೇಕು?

ನಿಮ್ಮ ಪುಸ್ತಕದಲ್ಲಿ ಗ್ರೀನ್ ಪ್ರಮೇಯ ಅಂತ ಒಂದಿದೆಯಲ್ಲ, ಆ ಜಾರ್ಜ್ ಗ್ರೀನ್ ಯಾರು ಗೊತ್ತೆ? ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು. ಚಿಕ್ಕಂದಿನಲ್ಲಿ ಶಾಲೆಗೆ ಹೋದದ್ದು ಒಂದೆರಡು ವರ್ಷ. 1828ರಲ್ಲಿ ವಿದ್ಯುತ್ತು, ಅಯಸ್ಕಾಂತಗಳ ಮೇಲೆ ಬರೆದ ಪ್ರಬಂಧವನ್ನು ಊರಲ್ಲೇ ಅಚ್ಚು ಹಾಕಿಸಿದ. ಚಂದಾ ಕೊಟ್ಟವರು ಸುಮಾರು 50 ಜನ, ಪ್ರತಿಗೆ ಏಳೂವರೆ ಷಿಲಿಂಗ್. ಅಷ್ಟು ಲೆಕ್ಕದ ಗುರುತುಗಳಿಗೆ ಮೊಳೆ ಜೋಡಿಸಿದವನಿಗೂ ಪ್ರೆಸ್ಸಿನವನಾದ ನನ್ನದೊಂದು ನಮಸ್ಕಾರ! ಗ್ರೀನ್ ಕೇಂಬ್ರಿಜ್‌ಗೆ ಓದಲು ಹೋದದ್ದು 1833ರಲ್ಲಿ, 40ನೇ ವಯಸ್ಸಿನಲ್ಲಿ. 1841ರಲ್ಲಿ ತೀರಿಕೊಂಡ. 1845ರಲ್ಲಿ ವಿಲಿಯಂ ಥಾಮ್ಸನ್ ಕೈಗೆ ಆ ಪ್ರಬಂಧ ಸಿಕ್ಕ ಮೇಲೆಯೇ ಲೋಕಕ್ಕೆ ಅದರ ಬೆಲೆ ಗೊತ್ತಾದದ್ದು. ನೀವು ಓದುವ ರೂಪವನ್ನು 1846ರಲ್ಲಿ ಪ್ರಕಟಿಸಿದವನು ಫ್ರಾನ್ಸಿನ ಕೋಶಿ. ಬೇರು ಮಾತ್ರ ಗಿರಣಿಯವನದು.

ನಾನು ಓದಿದ್ದು ಪಿಯುಸಿ. ಅಲ್ಲಿ ಕಲಿಸುವುದು ಒಂದೇ ದಾರಿಯ ಏರಿಳಿತ. ಈಗ ಚಾಮುಂಡಿ ಬೆಟ್ಟದ ನಡುವೆ ನಿಂತು ನೋಡಿ. ಮೆಟ್ಟಿಲ ನೇರಕ್ಕೆ ಹೋದರೆ ಕಡಿದಾದ ಏರು, ಅಡ್ಡಕ್ಕೆ ನಡೆದರೆ ಹೆಚ್ಚುಕಮ್ಮಿ ಮಟ್ಟಸ. ನಿಂತ ಜಾಗ ಒಂದೇ, ಏರು ದಿಕ್ಕಿಗೊಂದು. ಪೂರ್ವಕ್ಕೊಂದು, ಉತ್ತರಕ್ಕೊಂದು ಅಳೆದುಕೊಂಡರೆ ಅವೇ ಪಾರ್ಶಿಯಲ್ ಡೆರಿವೇಟಿವ್. ಎರಡನ್ನೂ ಸೇರಿಸಿದರೆ ಅತಿ ಕಡಿದಾದ ಏರು ಯಾವ ಕಡೆಗೆಂದು ತೋರಿಸುವ ಗ್ರೇಡಿಯಂಟ್. ಗ್ರೀನ್ ಪ್ರಮೇಯವೂ ಅಷ್ಟೆ. ಕೆರೆಗೆ ಇಳಿಯದೆ, ಅಂಚನ್ನಷ್ಟೇ ಸುತ್ತಿ ಅಳೆದು ಅದರ ವಿಸ್ತೀರ್ಣ ಹೇಳಬಹುದು. ನಕ್ಷೆಯ ಗೆರೆಯ ಮೇಲೆ ಓಡಿಸಿ ವಿಸ್ತೀರ್ಣ ತಿಳಿಯುವ ಪ್ಲಾನಿಮೀಟರ್ ಉಪಕರಣದ ಗುಟ್ಟೂ ಇದೇ.

ಇಷ್ಟನ್ನು ಕನ್ನಡದಲ್ಲಿ ಹೇಳಲು ಏನು ಕಷ್ಟ? ಪಾಠ ಇಂಗ್ಲಿಷಿನಲ್ಲಿದೆ, ಪರೀಕ್ಷೆಗೆ ಇಂಗ್ಲಿಷಿನಲ್ಲೇ ಬರೆಯಿರಿ, ಬೇಡವೆಂದವರು ಯಾರು? ಆದರೆ ಅರ್ಥ ಮಾಡಿಕೊಳ್ಳುವುದು ನಿಮ್ಮ ಮಾತಿನಲ್ಲಿ ನಡೆಯಲಿ. ಅವಕಲನ, ಅನುಕಲನ, ಸದಿಶ ಎಂಬ ಪದಗಳು ಕನ್ನಡದಲ್ಲಿ ಇವೆ, ಬಳಸಿ. ನಾಲ್ಕು ಜನ ಸೇರಿ ಒಬ್ಬರಿಗೊಬ್ಬರು ಕನ್ನಡದಲ್ಲಿ ಹೇಳಿಕೊಡಿ. ಪರೀಕ್ಷೆ ಹತ್ತಿರ ಬಂದಾಗ ಗೈಡ್ ತಂದು ಉರು ಹೊಡೆದರೆ ನಮ್ಮಂಥ ಪ್ರೆಸ್ಸಿನವರಿಗೆ ಲಾಭ, ನಿಮಗಲ್ಲ.

ಡಬಲ್ ಇಂಟಿಗ್ರಲ್ ಲೆಕ್ಕ ಬಂದರೆ ಮೊದಲು ಆ ಪ್ರದೇಶದ ಚಿತ್ರ ಬರೆಯಿರಿ. ಕ್ರಮ ಬದಲಾಯಿಸಿದಾಗ ಮಿತಿಗಳು ಯಾಕೆ ಬದಲಾದವು ಎಂದು ಲೆಕ್ಚರರನ್ನು ಎದ್ದು ನಿಂತು ಕನ್ನಡದಲ್ಲೇ ಕೇಳಿ.