ನಿಂತಿರುವ ಮನೆಗಳ ಗತಿಯೇನು?

ಕಠ್ಮಂಡುವಿನಲ್ಲಿ ಧರಹರಾ ಗೋಪುರ ಮತ್ತೆ ಎದ್ದು ನಿಂತಿದೆ. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪಕ್ಕೆ ಅದು ಬುಡಮಟ್ಟ ಉರುಳಿತ್ತು. ಆರು ವರ್ಷಗಳ ನಂತರ ಆಗಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ಹೊಸ ಗೋಪುರವನ್ನು ಉದ್ಘಾಟಿಸಿದರು. ಪರಂಪರೆಯ ಜಾಗದಲ್ಲಿ ಕಾಂಕ್ರೀಟ್ ಬೇಕಿತ್ತೇ ಎಂದು ಆಗ ಎದ್ದ ಜಗಳ ನ್ಯಾಯವಾದದ್ದೇ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಹಳ್ಳಿಯ ಮಣ್ಣಿನ ಗೋಡೆಗಳದ್ದು.

ನೇಪಾಳ ಚೇತರಿಸಿಕೊಂಡದ್ದು ಸುಳ್ಳಲ್ಲ. ಸುಮಾರು 9 ಸಾವಿರ ಜನ ಸತ್ತು, ಲಕ್ಷಗಟ್ಟಲೆ ಮನೆಗಳು ಬಿದ್ದ ಬಡ ದೇಶವದು. ಮನೆ ಕಳೆದುಕೊಂಡವರಿಗೆ ಸರ್ಕಾರ 3 ಲಕ್ಷ ನೇಪಾಳಿ ರೂಪಾಯಿಯನ್ನು ಕಂತುಗಳಲ್ಲಿ ಕೊಟ್ಟಿತು. ಕೆಲಸವನ್ನು ಎಂಜಿನಿಯರ್ ನೋಡಿ ಒಪ್ಪಿದ ಮೇಲೆಯೇ ಮುಂದಿನ ಕಂತು. ಗೋಡೆಗಳನ್ನು ಸುತ್ತ ಬಿಗಿದು ಹಿಡಿಯುವ ಪಟ್ಟಿ ಹಾಕುವುದನ್ನು ಹಳ್ಳಿಯ ಗಾರೆಯವರು ಕಲಿತರು. ಭೂಕಂಪಕ್ಕೆ ಬಿದ್ದಿದ್ದ ಕಠ್ಮಂಡುವಿನ ಹಳೆಯ ಮಂಟಪ ಕಾಷ್ಠಮಂಡಪವನ್ನು ಊರಿನವರೇ ಮುಂದೆ ನಿಂತು ಮರ, ಇಟ್ಟಿಗೆಯಲ್ಲಿ ಕಟ್ಟಿಸಿದರು. ನನಗೆ ಭರವಸೆ ಮೂಡುವುದು ಇಲ್ಲಿಯೇ.

ಆದರೆ ಈ ಕಲಿಕೆಗೆ ಗಡಿ ಹಾಕಿ, ಅದು ಪಶ್ಚಿಮಕ್ಕೆ ತಲುಪದಂತೆ ಮಾಡಿದವರು ಯಾರು? 2023ರ ನವೆಂಬರ್ 3ರ ರಾತ್ರಿ ಪಶ್ಚಿಮ ನೇಪಾಳದ ಜಾಜರ್‌ಕೋಟ್, ರುಕುಮ್ ಜಿಲ್ಲೆಗಳು ಭೂಕಂಪಕ್ಕೆ ನಡುಗಿದವು. 2015ರ ಭೂಕಂಪಕ್ಕೆ ಹೋಲಿಸಿದರೆ ಅದರ ಶಕ್ತಿ ಎಷ್ಟೋ ಪಾಲು ಕಡಿಮೆ. ಆದರೂ 150ಕ್ಕೂ ಹೆಚ್ಚು ಜನ, ಅವರಲ್ಲಿ ಬಹಳಷ್ಟು ಮಕ್ಕಳು, ಕಲ್ಲು–ಮಣ್ಣಿನ ಗೋಡೆಗಳಡಿ ಸತ್ತರು. 2015ರಲ್ಲಿ ಸಾವಿರಾರು ಶಾಲಾ ಕೊಠಡಿಗಳು ಕುಸಿದರೂ ಅವುಗಳಡಿ ಮಕ್ಕಳು ಸಿಲುಕದೆ ಉಳಿದದ್ದು ಅಂದು ಶನಿವಾರ, ರಜೆ ಇದ್ದದ್ದರಿಂದ. ಜಾಜರ್‌ಕೋಟ್‌ನಲ್ಲಿ ಎಲ್ಲರೂ ಮಲಗಿದ್ದರು. ಗೋಡೆ ಅದೇ, ಹೊತ್ತು ಮಾತ್ರ ಬೇರೆ. ಮಕ್ಕಳ ಪ್ರಾಣವನ್ನು ಗಡಿಯಾರದ ಪಾಲಿಗೆ ಬಿಟ್ಟ ಮೇಲೆ ಸರ್ಕಾರ ಇರುವುದಾದರೂ ಯಾತಕ್ಕೆ?

ಪಶ್ಚಿಮ ನೇಪಾಳದಲ್ಲಿ 1505ರ ನಂತರ ಮಹಾಭೂಕಂಪ ಆಗಿಲ್ಲ, ಒತ್ತಡ ಕೂಡುತ್ತಲೇ ಇದೆ ಎಂದು ಭೂವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಹಾಗಿದ್ದೂ ನೆರವಿನ ಹಣ ಬಹುತೇಕ ಬಿದ್ದ ಮನೆಯನ್ನು ಹುಡುಕಿಕೊಂಡು ಹೋಯಿತು. ನಿಂತ ಮನೆಯನ್ನು ಬಲಪಡಿಸಲು ಸಿಕ್ಕದ್ದು ಅತ್ಯಲ್ಪ. ಹಣವಿಲ್ಲ ಎನ್ನುವ ಉತ್ತರವನ್ನು ನಾನು ಒಪ್ಪಲಾರೆ. ಇರುವ ಗೋಡೆಗೆ ಆಸರೆ ಕೊಡುವುದು ಹೊಸ ಮನೆ ಕಟ್ಟುವುದಕ್ಕಿಂತ ಅಗ್ಗ. ಕೆಲಸ ಬಲ್ಲ ಗಾರೆಯವರು 2015ರಲ್ಲಿ ನಲುಗಿದ ಗೋರ್ಖಾ, ಸಿಂಧುಪಾಲ್ಚೋಕ್‌ಗಳಲ್ಲಿ ಈಗಾಗಲೇ ಇದ್ದಾರೆ. ಅವರನ್ನು ಜಾಜರ್‌ಕೋಟ್ ಇರುವ ಕರ್ನಾಲಿ ಪ್ರಾಂತ್ಯಕ್ಕೆ ಕರೆಸಿ, ಕೂಲಿ ಕೊಟ್ಟು, ಮೊದಲು ಶಾಲೆಗಳ ಗೋಡೆಗೆ, ಆಮೇಲೆ ಮಕ್ಕಳು ಮಲಗುವ ಮನೆಗಳಿಗೆ ಕೈ ಹಚ್ಚಿಸಬೇಕು. ಅದಕ್ಕೆ ಬಜೆಟ್‌ನಲ್ಲಿ ಪ್ರತ್ಯೇಕ ಹಣ ಇಡಬೇಕು, ಇನ್ನೊಂದು ಭೂಕಂಪದ ನಂತರವಲ್ಲ, ಈ ವರ್ಷವೇ.