ಮುಟ್ಟು ಅನ್ನುವ ಕಲ್ಲು

ಕಲೆ ರಾಜಕೀಯದ ಗೊಡವೆಗೆ ಹೋಗಬಾರದು ಅನ್ನುವ ಮಹನೀಯರು ಒಂದು ಕಡೆ. ಅಮೂರ್ತ ಶಿಲ್ಪವೆಲ್ಲ ಹೊಟ್ಟೆ ತುಂಬಿದವರ ಹುಚ್ಚಾಟ ಅನ್ನುವ ನಮ್ಮದೇ ಗೆಳೆಯರು ಇನ್ನೊಂದು ಕಡೆ. ಇಬ್ಬರ ಮುಂದೆಯೂ ಒಂದು ಕಲ್ಲು ಇಡುತ್ತೇನೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಟಾರ್ಮ್ ಕಿಂಗ್ ಅನ್ನುವ ಬಯಲು ಶಿಲ್ಪಸಂಗ್ರಹಾಲಯವಿದೆ. ಅಲ್ಲಿನ ಗುಡ್ಡದ ಮೇಲೆ ಇಸಾಮು ನೊಗುಚಿ 1977-78ರಲ್ಲಿ ಮಾಡಿದ 'ಮೊಮೊ ತಾರೊ' ಕೂತಿದೆ. ಜಪಾನಿನ ಶೋಡೊ ದ್ವೀಪದಿಂದ ತಂದ ಗ್ರಾನೈಟು. 9 ತುಂಡು, 40 ಟನ್ನು. ದೊಡ್ಡ ಬಂಡೆಯನ್ನು ಎರಡು ಹೋಳು ಮಾಡಿದ್ದಾರೆ. ಪೀಚ್ ಹಣ್ಣಿನೊಳಗಿಂದ ಹುಟ್ಟಿಬಂದ ಹುಡುಗನ ಜಪಾನೀ ಜನಪದ ಕತೆ ಅದಕ್ಕೆ ಹೆಸರು ಕೊಟ್ಟಿದೆ. ಹೋಳಿನ ಪೊಳ್ಳಿನೊಳಗೆ ಮಕ್ಕಳು ನುಗ್ಗಿ ಕೂರಬಹುದು, ಕೂಗಬಹುದು. 'ಮುಟ್ಟಬೇಡಿ' ಬೋರ್ಡುಗಳ ಲೋಕದಲ್ಲಿ ಇದು 'ಮುಟ್ಟು' ಅನ್ನುವ ಕಲ್ಲು. ಆ ಮಾತಿನ ಬೆಲೆ ಎಷ್ಟೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಆಟದಲ್ಲಿ ಎಂಥಾ ರಾಜಕೀಯ ಅಂತೀರಾ? ಕೇಳಿ. 1933ರಲ್ಲೇ ಈ ಮನುಷ್ಯ ನ್ಯೂಯಾರ್ಕ್ ನಗರದ ಮಕ್ಕಳಿಗಾಗಿ 'ಆಟದ ಬೆಟ್ಟ'ದ ನಕ್ಷೆ ಮಾಡಿದ. ಪಾರ್ಕುಗಳ ಕಮಿಷನರ್ ರಾಬರ್ಟ್ ಮೋಸೆಸ್ ನಕ್ಕು ಆಚೆ ಕಳಿಸಿದ. 1942ರಲ್ಲಿ ಸರ್ಕಾರ ಜಪಾನೀ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು ಶಿಬಿರಗಳಿಗೆ ದಬ್ಬಿತು. ಹೆಚ್ಚಿನವರು ಆ ನೆಲದಲ್ಲೇ ಹುಟ್ಟಿದವರು. ನ್ಯೂಯಾರ್ಕಿನಲ್ಲಿದ್ದ ನೊಗುಚಿಗೆ ಆ ಆಜ್ಞೆ ತಟ್ಟುತ್ತಿರಲಿಲ್ಲ. ಆದರೂ ತಾನಾಗಿಯೇ ಅರಿಜೋನಾದ ಪೋಸ್ಟನ್ ಶಿಬಿರಕ್ಕೆ ಹೋದ. ಅಲ್ಲಿನ ಜನಕ್ಕೆ ಉದ್ಯಾನ, ಆಟದ ಬಯಲು ಬರೆದುಕೊಟ್ಟ. ನಕ್ಷೆಗಳು ಕಾಗದದಲ್ಲೇ ಉಳಿದವು. ತಾನಾಗಿ ಹೋದವನನ್ನು ಕೇಳಿದ ಕೂಡಲೇ ಬಿಡಲೂ ಇಲ್ಲ, ತಿಂಗಳುಗಟ್ಟಲೆ ಕಾಯಿಸಿದರು.

ಅವನ ಆಟದ ಬಯಲು ಅಮೆರಿಕದಲ್ಲಿ ನೆಲ ಕಂಡದ್ದು 1976ರಲ್ಲಿ, ಅಟ್ಲಾಂಟಾದ ಪೀಡ್‌ಮಾಂಟ್ ಪಾರ್ಕಿನಲ್ಲಿ. 43 ವರ್ಷ! ಆ ಬೆಟ್ಟದ ಮೇಲೆ ಆಡಬೇಕಿದ್ದ ಮಕ್ಕಳ ತಲೆ ಅಷ್ಟರಲ್ಲಿ ನರೆತಿತ್ತು.

ಮಕ್ಕಳಿಗೆ ಎಷ್ಟು ಜಾಗ, ಯಾವ ಮಕ್ಕಳಿಗೆ ಜಾಗ ಎಂದು ತೀರ್ಮಾನಿಸುವುದೇ ರಾಜಕೀಯ. ಮಹನೀಯರು ಇದನ್ನು ಒಪ್ಪಲಿ, ಬಿಡಲಿ.

ಇನ್ನು ಗೆಳೆಯರೇ, ಆಕಾರ ಅರ್ಥವಾಗಲಿಲ್ಲ ಅಂತ ಕಲ್ಲನ್ನು ಬೈಯಬೇಡಿ. ಕೂಸಿಗೆ ಅದು ಮುಟ್ಟಿದ ಕೂಡಲೇ ಅರ್ಥವಾಗುತ್ತದೆ. ಬೈಯುವುದಾದರೆ ಗೇಟನ್ನು ಬೈಯಿರಿ. ಸ್ಟಾರ್ಮ್ ಕಿಂಗ್ ಒಳಗೆ ಕಾಲಿಡಲು ಟಿಕೀಟು ಬೇಕು. ಅಟ್ಲಾಂಟಾದ್ದು ಊರ ಪಾರ್ಕು, ಯಾವ ಮಗುವಾದರೂ ಓಡಿ ಬರಬಹುದು. ಕೈ ಒಂದೇ, ಬಾಗಿಲು ಎರಡು. 'ಮುಟ್ಟು' ಅಂದ ಮೇಲೆ 'ದುಡ್ಡು ಕೊಟ್ಟು ಮುಟ್ಟು' ಅನ್ನುವುದು ಅರ್ಧ ಮಾತು. ನಮಗೆ ಬೇಕಾದ್ದು ಪೂರ್ತಿ ಮಾತು.